ಮದುವೆ ಊಟದ ಮೇಲೆ ಬಿದ್ದ ತಮಟೆ ಏಟು

ಹಳೆಯ ಸಿನಿಮಾ ಪ್ರಿಂಟು ಕೆಟ್ಟಿದೆಯೋ ಇಲ್ಲವೋ ಎಂದು ಮೊದಲು ಹೇಳುವುದು ಕಣ್ಣಲ್ಲ, ಮೂಗು. ಡಬ್ಬಿಯ ಮುಚ್ಚಳ ತೆಗೆದಾಗ ಹುಳಿ ವಾಸನೆ ಹೊಡೆದರೆ ಫಿಲ್ಮು ಒಳಗೊಳಗೇ ಕೊಳೆಯತೊಡಗಿದೆ ಎಂದರ್ಥ. ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದರಲ್ಲಿ ಪ್ರಿಂಟು ಪರೀಕ್ಷಿಸುವುದು ನನ್ನ ಕೆಲಸ. ನನ್ನ ಮೂಗಿನ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು. ಹಾರೋಹಳ್ಳಿ ಹತ್ತಿರದ ಒಂದು ಹಳ್ಳಿಯ ಉಗ್ರಾಣಕ್ಕೆ ಕಾಲಿಟ್ಟ ಕೂಡಲೇ ಆ ಜಂಬ ಮಣ್ಣುಪಾಲಾಯಿತು.

ಮೊದಲ ಡಬ್ಬಿ ತೆಗೆದೆ, ಹುಳಿ. ಎರಡನೆಯದು, ಹುಳಿ. ಎಲ್ಲವೂ ಹುಳಿ. ಅಂಗಳದ ತೆಂಗಿನ ಮರದ ಬುಡದಲ್ಲಿ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ನಮ್ಮ ಮುಖ್ಯಸ್ಥರಿಗೆ ಫೋನು ಮಾಡಿದೆ. "ಅಷ್ಟು ಕೆಟ್ಟಿದ್ದರೆ ತರಲೇಬೇಡಿ, ನಮ್ಮಲ್ಲಿರುವ ಮಿಕ್ಕ ಪ್ರಿಂಟುಗಳಿಗೂ ಹರಡುತ್ತದೆ" ಎಂದು ಅವರು ಮುಗಿಸಿಬಿಟ್ಟರು. ಸಪ್ಪೆ ಮುಖ ಹೊತ್ತು ವಾಪಸು ಬಂದರೆ ಮನೆಯ ಯಜಮಾನಿ ಡಬ್ಬಿಗಳ ಹಿಂದಿನಿಂದ ಒಂದು ಮಂಕರಿ ಎಳೆಯುತ್ತಿದ್ದರು.

"ಒಸಿ ಜರುಗವ್ವ. ಹುಣಸೇಹಣ್ಣು ತಕ್ಕೋಬೇಕು."

ಹಿಂದಿನ ವರ್ಷದ ಹುಣಸೇಹಣ್ಣೆಲ್ಲ ಉಂಡೆ ಕಟ್ಟಿ ಅಲ್ಲೇ ಇಟ್ಟಿದ್ದರು. ಡಬ್ಬಿಗಳನ್ನು ಜಗಲಿಗೆ ಹೊರಿಸಿ, ಮುಚ್ಚಳ ತೆಗೆದು, ಗಾಳಿಗೆ ಬಿಟ್ಟು ಮತ್ತೆ ಮೂಸಿದೆ. ಹುಳಿ ಹೋಗಿ ಬರೀ ತುಕ್ಕು ಮತ್ತು ಧೂಳಿನ ವಾಸನೆ ಉಳಿದಿತ್ತು. ಮತ್ತೆ ತೆಂಗಿನ ಮರಕ್ಕೆ ಓಡಿ, ಪ್ರಿಂಟು ಚೆನ್ನಾಗಿದೆ, ವಾಸನೆ ಹುಣಸೇಹಣ್ಣಿನದು ಎಂದೆ.

ಪ್ರಿಂಟು ಒಂದು ಕಪ್ಪುಬಿಳುಪು ರಾಜಕೀಯ ಚಿತ್ರದ್ದು. ಕೊಲೆ, ಪಿತೂರಿ, ಕತ್ತಲಲ್ಲಿ ಬಡಿದುಕೊಳ್ಳುವ ಟೆಲಿಫೋನು, ಕಂಬದ ನೆರಳಿನಲ್ಲಿ ಬೀಡಿ ಸೇದುವ ಆಸಾಮಿ, ಎಲ್ಲ ಇರುವ ರೋಮಾಂಚಕ. ನೋಡಿದವರೆಲ್ಲ ಹೊಗಳುತ್ತಿದ್ದರು. ಆದರೆ ನೆಗೆಟಿವ್ ಎಲ್ಲೋ ಹಾಳಾಗಿ, ಪ್ರಿಂಟೂ ಎಲ್ಲಿಯೂ ಸಿಕ್ಕಿರಲಿಲ್ಲ. ಕನಕಪುರ ಸೀಮೆಯಲ್ಲಿ ಹಿಂದೆ ಟೂರಿಂಗ್ ಟಾಕೀಸು ನಡೆಸುತ್ತಿದ್ದ ಗೌಡರೊಬ್ಬರ ಮನೆಯಲ್ಲಿ ಒಂದು ಪ್ರತಿ ಇದೆ ಎಂದು ತಿಳಿದು ನನ್ನನ್ನು ಈ ಹಳ್ಳಿಗೆ ಓಡಿಸಿದ್ದರು. ಆ ಸಲ ನಮ್ಮ ಸಂಸ್ಥೆಯ ಆಯ್ಕೆ ಸಮಿತಿ ಹೊಸ ಪ್ರತಿ ಮಾಡಿಸಲಿದ್ದದ್ದು ಒಂದೇ ಹಳೆಯ ಚಿತ್ರಕ್ಕೆ. ಚಿತ್ರ ಪೂರ್ಣವಾಗಿರಬೇಕು, ಅದೇ ಷರತ್ತು. ಕೊರತೆ ಇದ್ದರೆ ಸರದಿಯಲ್ಲಿ ಮುಂದಿನ ಚಿತ್ರ.

ಗೌಡರ ಮನೆಯಲ್ಲಿ ಹೆಚ್ಚು ಕಾಲಾವಕಾಶವೂ ಇರಲಿಲ್ಲ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ದಿನಕ್ಕೊಂದು ಫ್ಯಾಕ್ಟರಿ ಬರುತ್ತಿತ್ತು. ಎಲ್ಲೆಲ್ಲಿಯದೋ ಹುಡುಗರು ಬಾಡಿಗೆ ಕೋಣೆ ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಉಗ್ರಾಣ ಒಡೆದು ಅಲ್ಲಿ ಸಾಲಾಗಿ ಶೀಟಿನ ಮನೆ ಕಟ್ಟಿಸುವುದೆಂದು ಯಜಮಾನಿ ತೀರ್ಮಾನಿಸಿ ಗಾರೆಯವನನ್ನು ಕರೆಸಿಯೂ ಆಗಿತ್ತು. ನಾನು ಬಿಳಿ ಕೈಗವಸು ಹಾಕಿಕೊಂಡು ಫಿಲ್ಮು ಸುತ್ತುತ್ತಿದ್ದರೆ, ಆತ ಪಕ್ಕದ ಗೋಡೆಗೆ ಹಾರೆ ಹಾಕುತ್ತಿದ್ದ. ಫಿಲ್ಮಿಗೆ ಧೂಳಿನಷ್ಟು ದೊಡ್ಡ ಶತ್ರು ಇಲ್ಲ.

"ಒಸಿ ನಿಲ್ಸಪ್ಪಾ" ಎಂದು ಬೇಡಿಕೊಂಡೆ.

"ನಿಂತ್ರೆ ಕೂಲಿ ನೀವು ಕೊಡ್ತೀರಾ ಮೇಡಂ?" ಎಂದ. ಪ್ರಶ್ನೆ ನ್ಯಾಯವಾದದ್ದೇ.

ಗೌಡರು ಎತ್ತರದ ಆಳು. ವಯಸ್ಸು ಬೆನ್ನನ್ನು ಬಗ್ಗಿಸಿದ್ದರೂ ಟೆಂಟಿನ ಮಾಲೀಕನ ಗತ್ತು ಬಗ್ಗಿರಲಿಲ್ಲ. "ನಂಗೆ ನಿಮ್ ದುಡ್ಡು ಬ್ಯಾಡ ಕಣವ್ವ. ನನ್ ಸಿನ್ಮಾ ಉಳೀಬೇಕು, ಅಷ್ಟೇಯ. ಇವ್ಳು ಇದ್ನೆಲ್ಲ ಗುಜ್ರಿಗೆ ಹಾಕ್ಬುಡ್ತಾಳೆ" ಎಂದು ಹೆಂಡತಿಗೆ ಕೇಳುವಂತೆಯೇ ಹೇಳಿದರು.

"ಹಾಕ್ದೆ ಪೂಜೆ ಮಾಡ್ಲಾ?" ಎಂದು ಒಳಗಿನಿಂದ ಉತ್ತರ ಬಂತು.

ರೀಲುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಡಗೈಯಲ್ಲಿ ಸುತ್ತು ಬಿಡಿಸುತ್ತಾ ಬಲಗೈ ಬೆರಳುಗಳ ನಡುವೆ ಫಿಲ್ಮಿನ ಅಂಚನ್ನು ಹಾಯಿಸಬೇಕು. ತೂತು ಹರಿದಲ್ಲಿ ಬೆರಳಿಗೆ ಚುಚ್ಚುತ್ತದೆ, ಅಂಟು ಹಾಕಿ ಜೋಡಿಸಿದಲ್ಲಿ ಗಂಟಿನಂತೆ ತಡೆಯುತ್ತದೆ. ಅಂಚುಗಳು ಅಚ್ಚರಿಪಡುವಷ್ಟು ಗಟ್ಟಿಯಾಗಿದ್ದವು. ರೀಲಿನ ತಲೆ ಬಾಲಗಳಲ್ಲಿ ಗೀರುಗಳಿದ್ದವು, ಅದು ಎಲ್ಲ ಪ್ರಿಂಟಿಗೂ ಇರುವ ಕರ್ಮ. ಕೊನೆಯ ರೀಲಿನ ಬಾಲದ ಹತ್ತಿರ ಒಂದು ದಪ್ಪ ಅಂಟು ಬೆರಳಿಗೆ ತಡೆಯಿತು. ಹರಿಯದ ಕಡೆ ಅಂಟು ಯಾಕೆ ಎನ್ನಿಸಿತು. ಆದರೆ ಹಾರೆಯ ಸದ್ದಿಗೆ ತಲೆ ಚಿಟ್ಟು ಹಿಡಿದು, ಒಟ್ಟು ನೋಡಿ ಮುಗಿಸೋಣವೆಂದು ಮುಂದೆ ಹೋದೆ.

ಗೌಡರ ಪ್ರೊಜೆಕ್ಟರು ಅದೇ ಉಗ್ರಾಣದಲ್ಲಿ ಗೋಣಿತಾಟು ಹೊದ್ದು ಕೂತಿತ್ತು. ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿ ಸಿಗದೆ ಒಳಗೊಂದು ದೊಡ್ಡ ಬಲ್ಬು ಕೂರಿಸಿದ್ದರು. ಇರುವ ಒಂದೇ ಪ್ರಿಂಟನ್ನು ಇಂಥದ್ದರಲ್ಲಿ ಓಡಿಸುವುದು ನಮ್ಮ ನಿಯಮಕ್ಕೆ ವಿರುದ್ಧ. ಆದರೆ ಚಿತ್ರದ ಗುಣವನ್ನೂ ಶಬ್ದವನ್ನೂ ನಾನು ಅಳೆದು ಬರೆಯಬೇಕಿತ್ತು. ಹಲ್ಲುಚಕ್ರಗಳನ್ನೆಲ್ಲ ನಾನೇ ಒರೆಸಿ, ಬೇರೆ ಚಿತ್ರದ ಹಾಳಾದ ತುಂಡೊಂದನ್ನು ಓಡಿಸಿ ನೋಡಿ, ಒಪ್ಪಿದೆ. ಕಿಟಕಿಗೆ ಜಮಖಾನೆ ಕಟ್ಟಿದರು. ಸುಣ್ಣದ ಗೋಡೆಯೇ ಪರದೆ. ಗಾರೆಯವನು ಹಾರೆ ಒರಗಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಆ ಗೋಡೆ ಕೊನೇಗೆ ಒಡೀತೀನಿ ಬುಡಿ" ಎಂದ ದೊಡ್ಡ ಮನಸ್ಸಿನಿಂದ.

ಚಿತ್ರ ನನ್ನನ್ನು ಹಿಡಿದುಹಾಕಿತು. ಪ್ರಾಮಾಣಿಕ ಮಂತ್ರಿ, ಅವನ ಬಾಲ್ಯದ ಗೆಳೆಯ. ಗೆಳೆಯನಿಗೆ ಕುರ್ಚಿಯ ಆಸೆ ಹುಟ್ಟಿ ಮಂತ್ರಿಗೆ ಗುಂಡು ಹೊಡೆಸುತ್ತಾನೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆ, ಜನ ಕಾದಿದ್ದಾರೆ, ವೈದ್ಯ ಹೊರಬಂದು ಕನ್ನಡಕ ತೆಗೆಯುತ್ತಾನೆ. ಮಾತಿಲ್ಲ. ತಟ್ಟನೆ ಮದುವೆ ಮನೆ. ಗೆಳೆಯನ ಮಗಳ ಮದುವೆ. ಪಂಕ್ತಿಯಲ್ಲಿ, ಬಾಳೆಲೆಯ ಮುಂದೆ, ಸತ್ತನೆಂದುಕೊಂಡ ಮಂತ್ರಿ ಕೂತಿದ್ದಾನೆ! ಗೆಳೆಯನೇ ಒಬ್ಬಟ್ಟು ಬಡಿಸುತ್ತಾ ಬರುತ್ತಾನೆ. ಮಂತ್ರಿ ತಲೆ ಎತ್ತಿ ನಗುತ್ತಾನೆ. ಗೆಳೆಯನೂ ನಗುತ್ತಾನೆ, ಆದರೆ ಬಡಿಸುವ ಕೈ ಒಂದಿಷ್ಟು ಅದುರುತ್ತದೆ. ಅವನ ಪಾಪವೆಲ್ಲ ಆ ಕೈಯಲ್ಲಿತ್ತು. ಶುಭಂ.

"ನೋಡುದ್ರಾ? ನಡುಗ್ಬುಟ್ಟ ನನ್ಮಗ!" ಗಾರೆಯವನು ತೊಡೆ ತಟ್ಟಿದ.

ನನ್ನ ಮೈ ಜುಮ್ಮೆಂದಿತ್ತು. ಅಂಥ ಅಭಿನಯ, ಅಂಥ ಮುಕ್ತಾಯ ನಾನು ಕಂಡಿರಲಿಲ್ಲ. ವರದಿಯ ಹೊಗಳಿಕೆಯ ಸಾಲುಗಳು ಆಗಲೇ ತಲೆಯಲ್ಲಿ ಸಿದ್ಧವಾಗುತ್ತಿದ್ದವು. ಆದರೆ ಕಿವಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಕೊನೆಯ ರೀಲನ್ನು ಇನ್ನೊಂದು ಸಲ ಹಾಕಿ ಎಂದೆ. ಗೌಡರು ಯಾಕೋ ಸ್ವಲ್ಪ ತಡಮಾಡಿದರು. ವೈದ್ಯ ಕನ್ನಡಕ ತೆಗೆದ, ಮದುವೆ ಮನೆ ಬಂತು, ಬಂದ ಕ್ಷಣದಲ್ಲೇ ಧಡ್ ಎಂದು ತಮಟೆಯ ಏಟು, ಅದರ ಬೆನ್ನಿಗೇ ಅರ್ಧಕ್ಕೆ ಕಡಿದ ಒಂದು ಹೆಂಗಸಿನ "ಅಯ್ಯೋ". ಆಮೇಲೆ ಓಲಗ.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಫಿಲ್ಮಿನ ಮೇಲೆ ಚಿತ್ರವೂ ಅದರ ಶಬ್ದವೂ ಒಂದೇ ಜಾಗದಲ್ಲಿ ಇರುವುದಿಲ್ಲ. ಪ್ರೊಜೆಕ್ಟರಿನಲ್ಲಿ ಚಿತ್ರ ಬೀಳುವ ಕಿಂಡಿ ಮೇಲೆ, ಶಬ್ದ ಓದುವ ದೀಪ ಕೆಳಗೆ. ಅದಕ್ಕೇ ಶಬ್ದವನ್ನು ಚಿತ್ರಕ್ಕಿಂತ ಹೆಚ್ಚುಕಮ್ಮಿ ಒಂದು ಮೊಳ ಮುಂಚೆಯೇ ಅಚ್ಚು ಹಾಕಿರುತ್ತಾರೆ. ಯಾರಾದರೂ ಒಂದು ದೃಶ್ಯವನ್ನು ಕತ್ತರಿಸಿ ತೆಗೆದರೆ ಚಿತ್ರವೆಲ್ಲ ಹೋಗುತ್ತದೆ, ಆದರೆ ಅದರ ಮೊದಲ ಸದ್ದು ಹಿಂದಿನ ದೃಶ್ಯದ ಅಂಚಿನಲ್ಲೇ ಉಳಿದುಬಿಡುತ್ತದೆ. ಮದುವೆ ಊಟದ ಮೇಲೆ ಬಿದ್ದ ಆ ತಮಟೆ ಮದುವೆಯದಲ್ಲ. ವೈದ್ಯನ ಬೆನ್ನಿಗೇ ಬೇರೆ ಯಾವುದೋ ದೃಶ್ಯ ಇತ್ತು.

ಉಳಿದ ರೀಲುಗಳ ಅಂಟುಗಳನ್ನೆಲ್ಲ ಮತ್ತೆ ತಡಕಿದೆ. ಮೂರನೇ ರೀಲಿನಲ್ಲಿ, ಪೊಲೀಸ್ ಠಾಣೆಯ ದೃಶ್ಯ ಶುರುವಾಗುವಲ್ಲಿ ಒಂದು ದಪ್ಪ ಅಂಟು ಸಿಕ್ಕಿತು. ಅದನ್ನು ಓಡಿಸಿದರೆ ಇನ್‌ಸ್ಪೆಕ್ಟರು ಲಾಠಿ ಹಿಡಿದು ಒಳಬರುವಾಗ ಓಲಗ ಒಂದು ಸಲ ಪೀಂ ಎಂದು ಸುಮ್ಮನಾಯಿತು. ಮೊದಲ ಸಲ ಓಡಿಸಿದಾಗ ಅದನ್ನು ಪ್ರೊಜೆಕ್ಟರಿನ ನರಳಾಟವೆಂದು ಬಿಟ್ಟಿದ್ದೆ. ಮದುವೆ ಆಗಿದ್ದದ್ದು ಮೂರನೇ ರೀಲಿನಲ್ಲಿ, ಗುಂಡೇಟಿಗೆ ಬಹಳ ಮುಂಚೆ. ಅಲ್ಲಿಂದ ಕಿತ್ತು ಕೊನೆಗೆ ಅಂಟಿಸಿದ್ದರು. ನಿಜವಾದ ಕೊನೆ ಮಾಯವಾಗಿತ್ತು.

"ಗೌಡ್ರೇ, ಕೊನೆ ದೃಶ್ಯ ಎಲ್ಲಿ?"

"ಯಾವ ಕೊನೆ? ಪ್ರಿಂಟ್ ಬಂದಿದ್ದೇ ಹಂಗೆ."

"ಮದುವೇಲಿ ಸಾವಿನ ತಮಟೆ ಬಡೀತಾ ಇದೆ."

"ನಮ್ ಕಡೆ ಮದ್ವೆಗೂ ತಮಟೆ ಬಡೀತಾರೆ."

"'ಅಯ್ಯೋ' ಅಂತಲೂ ಅಳ್ತಾರಾ?"

"ಹೆಣ್ಣಿನ್ ಕಡೆಯೋರು ಅಳಾಕಿಲ್ವಾ?" ಎಂದರು ಗೌಡರು ಕಣ್ಣು ಮಿಟುಕಿಸದೆ.

ಅಷ್ಟರಲ್ಲಿ ಯಜಮಾನಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಹೇಳ್ಬುಡಿ ಅತ್ಲಾಗೆ. ಎಷ್ಟ್ ದಿನ ಮುಚ್ಚಿಕೊಂಡಿರ್ತೀರಿ? ಆ ಯಮ್ಮ ಬಸ್ಸಲ್ಲಿ ನಿಂತ್ಕೊಂಡ್ ಬಂದವ್ಳೆ."

ಗೌಡರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು. ಆ ಸಿನಿಮಾದ ಹೊಸ ಪ್ರಿಂಟು ಬಂದಾಗ ಟೆಂಟು ಕಬ್ಬಾಳಿನಲ್ಲಿತ್ತು. ಕಬ್ಬಾಳಮ್ಮನ ದರ್ಶನಕ್ಕೆ ಬಂದ ಜನವೆಲ್ಲ ಟೆಂಟಿನಲ್ಲಿ ಕಿಕ್ಕಿರಿದಿದ್ದರು. ಚಿತ್ರದ ಕೊನೆಯಲ್ಲಿ ಮಂತ್ರಿಯ ಹೆಣ ಸುಡುತ್ತಾರೆ, ಕೊಂದವನು ಹಾರ ಹಾಕಿಸಿಕೊಂಡು ಮಂತ್ರಿಯಾಗುತ್ತಾನೆ, ಶುಭಂ.

"ಆಟ ಮುಗೀತು. ಒಬ್ರೂ ಏಳ್ನಿಲ್ಲ ಕಣವ್ವ. ಆಚೆ ಎರಡ್ನೇ ಆಟದೋರು ತಳ್ಳಾಡ್ತಾವ್ರೆ, ಒಳಗೆ ಇವ್ರು ಮರಳಿನ್ ಮ್ಯಾಲೆ ಹಂಗೇ ಕುಂತವ್ರೆ. ಒಂದ್ ಮುದ್ಕಿ ಕೇಳುದ್ಲು, 'ಇಂಗೇ ಕಳಿಸ್ಬುಡ್ತೀಯೇನ್ಲಾ ಜನನ? ಹೆಣ ನೋಡ್ಬುಟ್ಟು ಮನೆಗ್ ಹೋಗಿ ಅನ್ನ ಹೆಂಗ್ ಉಣ್ಣದು? ಎಬ್ಬಿಸು ಆವಯ್ಯನ್ನ' ಅಂದ್ಲು. ನಾನು ಪರ್ದೆ ಮುಂದೆ ನಿಂತು, ನಾಳೆ ಬನ್ನಿ, ಅಮ್ಮನಾಣೆಗೂ ಎಬ್ಬಿಸ್ತೀನಿ, ನನ್ ಟೆಂಟಲ್ಲಿ ಆವಯ್ಯ ಸಾಯಾಕಿಲ್ಲ ಅಂದ್ಬುಟ್ಟೆ."

ಮರುದಿನ ಬೆಳಿಗ್ಗೆ ತಾವೇ ಕೂತು ಮದುವೆ ಊಟವನ್ನು ಕಿತ್ತು ಕೊನೆಗೆ ಅಂಟಿಸಿದರಂತೆ. ಅದೇ ಜನ ಮತ್ತೆ ಬಂದರು. ಮಂತ್ರಿ ಎಲೆಯ ಮುಂದೆ ಕೂತಿದ್ದು ಕಂಡು ಟೆಂಟೇ ಹಾರಿಹೋಗುವಂತೆ ಶಿಳ್ಳೆ ಬಿತ್ತು. ಪ್ರಿಂಟು ಬಾಡಿಗೆಗೆ ಕೊಟ್ಟವರು ಮುಂದೆ ಕಂಪೆನಿ ಮುಚ್ಚಿ, ಪ್ರಿಂಟನ್ನು ವಾಪಸು ಕೇಳಲೇ ಇಲ್ಲ. ಅಲ್ಲಿಂದಾಚೆಗೆ ಟೆಂಟು ಎಲ್ಲಿ ಹೂಡಿದರೂ ಆ ಚಿತ್ರ, ಆ ಊಟ. ಸುತ್ತ ಹತ್ತೂರಿನಲ್ಲಿ ಆ ಮಂತ್ರಿ ಸತ್ತಿಲ್ಲ, ಸತ್ತಂತೆ ನಟಿಸಿ ಗೆಳೆಯನ ಬಣ್ಣ ಬಯಲು ಮಾಡಿದ ಎಂದೇ ಎಲ್ಲರೂ ತಿಳಿದಿದ್ದಾರೆ.

"ಆ ತುಂಡು ಎಲ್ಲಿದೆ?"

"ಐತೆ. ಕೊಡಾಕಿಲ್ಲ. ಕೊಟ್ರೆ ಆವಯ್ಯ ಸತ್ತೋಯ್ತಾನೆ. ಅಮ್ಮನ್ ಮುಂದೆ ಆಡಿದ್ ಮಾತು."

ನನಗೆ ನಗುವೂ ಬಂತು, ಸಿಟ್ಟೂ ಬಂತು. ತೆಂಗಿನ ಮರದ ಬುಡಕ್ಕೆ ಹೋಗಿ ಮುಖ್ಯಸ್ಥರಿಗೆ ವಿಷಯ ಹೇಳಿದೆ. "ಅಪೂರ್ಣ ಅಂತ ಬರೆದು ಬಸ್ಸು ಹತ್ತಿ" ಎಂದರು. ಅದು ಸುಲಭದ ದಾರಿ, ನಿಯಮದ ದಾರಿಯೂ ಹೌದು. ಇನ್ನೊಂದು ದಾರಿಯೂ ಇತ್ತು. ಇದೇ ಮುಕ್ತಾಯವನ್ನು ಮೂಲವೆಂದು ಬರೆದುಬಿಟ್ಟರೆ ಸಮಿತಿಯವರಿಗೆ ಯಾವ ಜನ್ಮದಲ್ಲೂ ತಿಳಿಯುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಗೌಡರ ಮುಕ್ತಾಯವೇ ಹೆಚ್ಚು ಇಷ್ಟವಾಗಿತ್ತು. ಆದರೆ ಯಾರೋ ಒಬ್ಬರು ಯೋಚಿಸಿ ಯೋಚಿಸಿ ಕಟ್ಟಿದ ಕೊನೆಯೊಂದು ಎಲ್ಲೋ ಡಬ್ಬಿಯಲ್ಲಿ ಉಸಿರು ಹಿಡಿದು ಕೂತಿದೆ ಎಂದು ಗೊತ್ತಾದ ಮೇಲೆ ಹಾಗೆ ಬರೆಯಲು ಕೈ ಏಳಲಿಲ್ಲ. ಬಸ್ಸು ಹತ್ತಲೂ ಕಾಲು ಏಳಲಿಲ್ಲ. ಮದುವೆಯ ತುಂಡು ಒಂದೇ ಇರುವುದು, ಅದು ಎರಡು ಕಡೆ ಇರಲಾರದು. ಕೊನೆಗೆ ಗೌಡರ ಎದುರು ಮೋಟುಗೋಡೆಯ ಮೇಲೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಆ ತುಂಡು ಕೊಟ್ರೆ ಮಂತ್ರಿ ಒಬ್ಬನೇ ಸಾಯೋದು ಗೌಡ್ರೇ. ಕೊಡದೇ ಹೋದ್ರೆ ಇಡೀ ಸಿನಿಮಾನೇ ಸಾಯತ್ತೆ. ಮದುವೆನೂ ಇರಲ್ಲ, ಊಟನೂ ಇರಲ್ಲ, ಆ ನಡುಗೋ ಕೈನೂ ಇರಲ್ಲ."

ಅವರು ಗಾರೆಯವನು ಒಡೆಯದೆ ಬಿಟ್ಟ ಸುಣ್ಣದ ಗೋಡೆಯನ್ನೇ ನೋಡುತ್ತಾ ಕೂತರು. ಒಳಗಿನಿಂದ ಯಜಮಾನಿ ಮೆಲ್ಲಗೆ, "ಮದ್ವೆ ಮೊದ್ಲು, ಸಾವು ಆಮೇಕೆ. ಎಲ್ರಿಗೂ ಇರೋದೇ ಹಂಗಲ್ವಾ" ಎಂದರು. ಗೌಡರು ಎದ್ದು ಗೂಟದಿಂದ ಶರಟು ತೆಗೆದು ತೊಟ್ಟರು.

"ನಡೀರಿ. ಗೇಟ್ ಪಾಸ್ ತಕ್ಕೋಬೇಕು."

ನನಗೆ ಅರ್ಥವಾಗಲಿಲ್ಲ. ಹೆಣ ಸುಡುವ ದೃಶ್ಯವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಅವರು ಅದನ್ನು ಹೊಲದ ಪಂಪ್‌ಸೆಟ್ ಮನೆಯಲ್ಲಿ ಇಟ್ಟಿದ್ದರು. ಹೊಲ ಈಗ ಫ್ಯಾಕ್ಟರಿಯ ಕಾಂಪೌಂಡಿನೊಳಗಿತ್ತು. ಪಂಪ್‌ಸೆಟ್ ಮನೆಯನ್ನು ಫ್ಯಾಕ್ಟರಿಯವರು ಕೆಡವದೆ ಪೊರಕೆ, ಬಕೆಟ್ಟು ಇಡುವ ಜಾಗ ಮಾಡಿಕೊಂಡಿದ್ದರು. ತಮ್ಮದೇ ಹೊಲಕ್ಕೆ ಗೌಡರು ಗೇಟಿನಲ್ಲಿ ಸಹಿ ಹಾಕಿ, ಕೊರಳಿಗೆ 'ವಿಸಿಟರ್' ಬಿಲ್ಲೆ ತಗಲಿಸಿಕೊಂಡು ಹೋದರು. ಪೊರಕೆಗಳ ಹಿಂದೆ, ಗೋಡೆಯ ಗೂಡಿನಲ್ಲಿ, ಪ್ಲಾಸ್ಟಿಕ್ಕು ಸುತ್ತಿದ ಡಬ್ಬಿ ಹಾಗೇ ಇತ್ತು.

ಹೊರಬರುವಾಗ ಗೇಟಿನ ಕಾವಲುಗಾರ ತಡೆದ. ನೀಲಿ ಸಮವಸ್ತ್ರ ತೊಟ್ಟ ಮಧ್ಯವಯಸ್ಸಿನವನು, ಅದೇ ಸೀಮೆಯವನು. "ಗೌಡ್ರೇ, ಕ್ವಾಪ ಮಾಡ್ಕೋಬ್ಯಾಡಿ. ಒಳಗಿಂದ ಏನ್ ತಕ್ಕೊಂಡೋದ್ರೂ ಬರೀಬೇಕು. ಏನೈತೆ ಅದ್ರಲ್ಲಿ?"

"ಹೆಣ" ಎಂದರು ಗೌಡರು.

ಕಾವಲುಗಾರನ ಕೈಯಿಂದ ಪೆನ್ನು ಜಾರಿತು. ನಾನು ಮಧ್ಯೆ ಬಾಯಿ ಹಾಕಿ, ಸಿನಿಮಾ ರೀಲು, ಹಳೆಯ ಚಿತ್ರದ ಮಂತ್ರಿಯ ಹೆಣ ಸುಡುವ ದೃಶ್ಯ ಎಂದು ವಿವರಿಸಿದೆ. ಆತ ನನ್ನನ್ನು ಕನಿಕರದಿಂದ ನೋಡಿದ.

"ಯಾರೋ ನಿಮ್ಗೆ ತಪ್ಪು ಹೇಳವ್ರೆ ಮೇಡಂ. ಆವಯ್ಯ ಸತ್ತಿಲ್ಲ. ಕಬ್ಬಾಳಲ್ಲಿ ನಾನೇ ನೋಡಿವ್ನಿ, ಕೊನೇಲಿ ಒಬ್ಬಟ್ಟು ತಿಂತಾನೆ."

ಗೌಡರು ಅವನ ಮುಖ ನೋಡಲಿಲ್ಲ. "ಹಳೇ ಡಬ್ಬಿ ಅಂತ ಬರ್ಕೋ" ಎಂದಷ್ಟೇ ಹೇಳಿ ಬಿಲ್ಲೆ ಕಳಚಿ ಕೊಟ್ಟರು.

ಡಬ್ಬಿಯನ್ನು ಜಗಲಿಯ ಮೇಲೆ ತೆರೆದೆ. ಮೊದಲ ಕೆಲವು ಸುತ್ತುಗಳು ಅಂಟಿಕೊಂಡಿದ್ದವು, ಅವನ್ನು ಉಸಿರು ಬಿಗಿಹಿಡಿದು ಬಿಡಿಸಿದೆ. ಒಳಗಿನದು ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಒಂದೇ ದಿನ ಓಡಿದ ತುಂಡಿಗೆ ಗೀರು ಎಲ್ಲಿಂದ ಬರಬೇಕು? ಪ್ರಿಂಟಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಉಳಿದ ಭಾಗ ಬೇರೊಂದಿಲ್ಲ. ಅಂಟು ಬಿಡಿಸಿ ಮದುವೆಯನ್ನು ಮೂರನೇ ರೀಲಿಗೂ ಚಿತೆಯನ್ನು ಕೊನೆಗೂ ಸೇರಿಸುವಾಗ ಗೌಡರು ಅಂಗಳಕ್ಕೆ ಹೋಗಿ ಬೆನ್ನು ಹಾಕಿ ನಿಂತಿದ್ದರು. ಗಾರೆಯವನು ಮಾತ್ರ ನನ್ನ ಭುಜದ ಹಿಂದೆಯೇ ಬಗ್ಗಿ ನೋಡುತ್ತಾ, "ಮೋಸ ಕಣ್ ಮೇಡಂ ಇದು, ಚಿಕ್ಕೋನಾಗಿದ್ದಾಗಿಂದ ನಂಬಿದ್ದೆ" ಎಂದು ಗೊಣಗುತ್ತಿದ್ದ.

ಸಮಿತಿ ಚಿತ್ರ ನೋಡಿದ್ದು ಬೆಂಗಳೂರಿನ ಒಂದು ಪುಟ್ಟ ಪ್ರದರ್ಶನ ಮಂದಿರದಲ್ಲಿ. ಗೌಡ ದಂಪತಿಯನ್ನೂ ಕರೆಸಿದ್ದೆ. ಗೌಡರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಯಜಮಾನಿ ಮಡಿಲಲ್ಲಿ ದೊಡ್ಡದೊಂದು ಬ್ಯಾಗು ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಮೂರನೇ ರೀಲು ಬಂತು. ಮದುವೆ ಮನೆ, ಪಂಕ್ತಿ, ಒಬ್ಬಟ್ಟು, ಅದುರುವ ಕೈ. ಅದೇ ಚಿತ್ರ, ಅದೇ ನಗು. ಆದರೆ ಈಗ ಆ ಕೈಯಲ್ಲಿ ಭಯವಿರಲಿಲ್ಲ. ಪ್ರಾಣದ ಗೆಳೆಯ ಮಗಳ ಮದುವೆಗೆ ಬಂದು ಎಲೆಯ ಮುಂದೆ ಕೂತ ಸಂತೋಷಕ್ಕೆ ಅದು ಅದುರುತ್ತಿತ್ತು.

ಗೌಡರು ನನ್ನ ಕಡೆ ವಾಲಿ ಪಿಸುಗುಟ್ಟಿದರು. "ಹೆದ್ರಿರ್ನಿಲ್ಲ ಕಣವ್ವ ಅವ್ನು. ಪ್ರೀತಿಲಿ ಬಡಿಸ್ತಾವ್ನೆ. ಇಷ್ಟು ವರ್ಸ ನಾನು ಅವನ್ನ ಕಳ್ಳ ಮಾಡಿಬುಟ್ಟಿದ್ದೆ."

ಆ ಪ್ರೀತಿ ಗೊತ್ತಿದ್ದದ್ದಕ್ಕೇ ಮುಂದೆ ಬಿದ್ದ ಗುಂಡು ಎರಡು ಪಟ್ಟು ನೋಯಿಸಿತು. ವೈದ್ಯ ಕನ್ನಡಕ ತೆಗೆದ. ತಮಟೆ ಈ ಸಲ ತುಂಡಾಗದೆ ಪೂರ್ತಿ ಬಡಿಯಿತು, "ಅಯ್ಯೋ" ಪೂರ್ತಿ ಕೇಳಿಸಿತು. ಚಿತೆ ಉರಿಯಿತು. ಕೊಂದವನು ಹಾರ ಹಾಕಿಸಿಕೊಂಡು ಪ್ರಮಾಣವಚನ ಓದಿದ. ಶುಭಂ. ದೀಪ ಹತ್ತಿತು. ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, "ಎಂಥಾ ಧೈರ್ಯದ ಮುಕ್ತಾಯ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಚಿತ್ರ ಗೆದ್ದಿತ್ತು.

ಗೌಡರು ಏಳಲಿಲ್ಲ. ಮುಖ್ಯಸ್ಥರು ಹತ್ತಿರ ಬಂದು ಕೈ ಚಾಚಿ, "ಬನ್ನಿ ಯಜಮಾನರೇ, ಮುಗಿಯಿತು" ಎಂದರು.

ಗೌಡರು ಖಾಲಿ ಪರದೆ ನೋಡುತ್ತಲೇ ಕೇಳಿದರು. "ಇಂಗೇ ಕಳಿಸ್ಬುಡ್ತೀರಾ ಜನನ?"

ಮುಖ್ಯಸ್ಥರು ನನ್ನ ಮುಖ ನೋಡಿದರು. ನಾನೂ ಎದ್ದಿರಲಿಲ್ಲ ಎಂಬುದು ಆಗಲೇ ಗಮನಕ್ಕೆ ಬಂದದ್ದು.

ಯಜಮಾನಿ ಮಡಿಲಿನ ಬ್ಯಾಗಿನಿಂದ ದೊಡ್ಡ ಸ್ಟೀಲ್ ಡಬ್ಬಿ ತೆಗೆದು ಗಂಡನ ಕೈಗೆ ಕೊಟ್ಟರು. "ಹಿಂಗೇ ಮಾಡ್ತೀರಿ ಅಂತ ಗೊತ್ತಿತ್ತು. ಅದ್ಕೇ ಬೆಳಿಗ್ಗೆನೇ ಬೇಯಿಸ್ದೆ. ಏಳಿ, ಬಡಿಸಿ."

ಡಬ್ಬಿಯಲ್ಲಿ ಒಬ್ಬಟ್ಟು ಇತ್ತು. ಒಳಗೆ ತಿಂಡಿ ತಿನ್ನಬಾರದೆಂಬ ಫಲಕದ ಕೆಳಗೇ ಗೌಡರು ಸಾಲಿನಿಂದ ಸಾಲಿಗೆ ನಡೆದರು, ಸಮಿತಿಯವರ ಒಂದೊಂದೇ ಅಂಗೈಗೆ ತುಪ್ಪ ಸೋರುವ ಒಬ್ಬಟ್ಟು ಇಟ್ಟರು. ದೊಡ್ಡವರೆಲ್ಲ ತಬ್ಬಿಬ್ಬಾಗಿ ಮತ್ತೆ ತಂತಮ್ಮ ಕುರ್ಚಿಗಳಲ್ಲಿ ಕೂತು ತಿಂದರು. ನನ್ನ ಅಂಗೈಗೆ ಇಡುವಾಗ ಗೌಡರ ಕೈ ಅದುರುತ್ತಿತ್ತು.

ಎಲ್ಲರ ಬಾಯಿ ಆಡುವುದನ್ನು ಅವರು ಪರದೆಯ ಮುಂದೆ ನಿಂತು ನೋಡಿದರು. ಆಮೇಲೆ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು.

"ಈಗ ಏಳಿ" ಎಂದರು. "ಆಟ ಮುಗೀತು."